ಅತ್ತೆ ಆರಿಸಿ ತಂದ ಬಸುರಿ ಮೀನು

ನನ್ನ ಅತ್ತೆಯ ಹತ್ತಿರ ಎಲ್ಲ ನೋವಿಗೂ ಒಂದೇ ಮಾತ್ರೆ. ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. "ಏನಾಗಲ್ಲ."

ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ನರ್ಸಾಗಿ ಸೇರಿದವರು ಅಲ್ಲೇ ತಲೆ ನರೆಸಿಕೊಂಡು ನಿವೃತ್ತರಾದರು. ಅವರ ಜೊತೆ ತರಕಾರಿ ತರಲು ಹೋಗುವುದೆಂದರೆ ನನಗೆ ಸಾಕುಬೇಕಾಗುತ್ತಿತ್ತು. ಹೆಜ್ಜೆಗೊಬ್ಬರು ನಿಲ್ಲಿಸುವವರು. "ಸಿಸ್ಟರ್, ಕಾಲು ಮುಂದಾಗಿ ಬಂದನಲ್ಲ, ಅವನೇ ಇವನು" ಎಂದು ಮೀಸೆ ಹೊತ್ತ ಗಂಡಸೊಬ್ಬನನ್ನು ಮುಂದಕ್ಕೆ ತಳ್ಳುವರು. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆವತ್ತು ನಿಮ್ಮಮ್ಮಂಗೆ ಏನಂದಿದ್ದೆ? ಏನಾಗಲ್ಲ ಅಂದಿದ್ನೋ ಇಲ್ವೋ?" ಎನ್ನುವರು. ಚೀಲದಲ್ಲಿ ಸೊಪ್ಪು ಬಾಡುತ್ತಿರುತ್ತದೆ, ನಾನು ಕೈ ಬದಲಾಯಿಸಿಕೊಂಡು ನಿಂತಿರುತ್ತೇನೆ.

ಏನಾದರೂ ಆಗಿಹೋದ ಮನೆಯವರು ಬೀದಿಯಲ್ಲಿ ನಿಲ್ಲಿಸಿ ಮಾತಾಡುವುದಿಲ್ಲ. ನೋಡಿದರೂ ನೋಡದ ಹಾಗೆ ಆ ಕಡೆ ದಾಟಿಬಿಡುತ್ತಾರೆ. ಹಾಗಾಗಿ ಅತ್ತೆಯ ಪ್ರಕಾರ ಆ ಮಾತು ಯಾವತ್ತೂ ಸುಳ್ಳಾಗಿರಲಿಲ್ಲ.

ನನ್ನ ಹೆಂಡತಿಯ ಅನುಭವವೇ ಬೇರೆ. ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವಳಪ್ಪ ಎದೆ ಹಿಡಿದುಕೊಂಡು ಕೂತರು. ಅತ್ತೆ ಗಂಡನನ್ನು ಆಟೋ ಹತ್ತಿಸುತ್ತಲೇ ಮಗಳಿಗೆ "ಏನಾಗಲ್ಲ, ನೀನು ಹೋಗಿ ಪರೀಕ್ಷೆ ಬರಿ" ಎಂದರು. ಇವಳು ಹೋಗಿ ಬರೆದಳು. ಮನೆಗೆ ಬಂದಾಗ ಬಾಗಿಲ ಮುಂದೆ ಊರವರ ಚಪ್ಪಲಿಗಳ ರಾಶಿ. ನಮ್ಮ ಮದುವೆಯಾದ ಮೇಲೆ ಎರಡು ಸಲ ಬಸುರಾದಳು, ಎರಡೂ ಉಳಿಯಲಿಲ್ಲ. ಎರಡು ಸಲವೂ ನೋವು ಶುರುವಾದಾಗ ಅತ್ತೆ ಅವಳ ಹಣೆ ಒರೆಸುತ್ತಾ ಅದೇ ಮಾತ್ರೆ ಕೊಟ್ಟಿದ್ದರು. ಎರಡನೆಯದು ಹೋದಾಗ ಅವಳು ಅಳಲೇ ಇಲ್ಲ. ಆಸ್ಪತ್ರೆಯಿಂದ ಬಂದವಳೇ ನೇರ ಬಚ್ಚಲಿಗೆ ಹೋಗಿ, ನೆನೆಹಾಕಿ ಬಿಟ್ಟುಹೋಗಿದ್ದ ಬಟ್ಟೆ ಒಗೆದಳು. ಆಮೇಲೆ ತಾಯಿಯ ಜೊತೆ ಅಡುಗೆ, ಅಕ್ಕಪಕ್ಕದವರು, ಹವೆ ಎಲ್ಲ ಮಾತಾಡುತ್ತಿದ್ದಳು. ತನ್ನ ಮೈಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ.

ಮೂರನೆಯ ಸಲ ಡಾಕ್ಟರು ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಮಂಚ ಇಳಿಯಬಾರದು, ಗಾಬರಿಯಾಗಬಾರದು ಎಂದು ಕಟ್ಟಪ್ಪಣೆ ಮಾಡಿದರು. ಇಳಿಯದೆ ಇರಬಹುದು. ಗಾಬರಿಯಾಗದೆ ಇರುವುದು ಹೇಗೆಂದು ಆ ಪುಣ್ಯಾತ್ಮ ಹೇಳಿಕೊಡಲಿಲ್ಲ. ನನ್ನದು ಲಿಫ್ಟ್ ರಿಪೇರಿ ಕೆಲಸ. ಯಾರಾದರೂ ಒಳಗೆ ಸಿಕ್ಕಿಕೊಂಡಾಗ ಕರೆ ಬರುತ್ತದೆ, ಅದಕ್ಕೆ ಹೊತ್ತುಗೊತ್ತಿಲ್ಲ. ಆದ್ದರಿಂದ ಅತ್ತೆ ತಮ್ಮ ಪೆಟ್ಟಿಗೆಯ ಜೊತೆ ನಮ್ಮ ಎರಡು ಕೋಣೆಯ ಮನೆಗೆ ಬಂದಿಳಿದರು. ನನಗೋ ದಿನವಿಡೀ ಸಿಕ್ಕಿಕೊಂಡವರನ್ನು ಬಿಡಿಸಿ ಸಂಜೆ ಮನೆಗೆ ಬಂದರೆ ಇನ್ನೊಂದು ನಿಂತ ಲಿಫ್ಟಿನೊಳಗೆ ಕಾಲಿಟ್ಟ ಹಾಗಾಗುತ್ತಿತ್ತು. ಮೂವರೂ ಮೆಲ್ಲಗೆ ನಡೆಯುತ್ತಿದ್ದೆವು, ಪಾತ್ರೆ ಸದ್ದಾಗದಂತೆ ಇಡುತ್ತಿದ್ದೆವು. ಅವಳು ಅಂಗಾತ ಮಲಗಿ ಫ್ಯಾನಿನ ರೆಕ್ಕೆ ನೋಡುತ್ತಿದ್ದಳು.

"ಅಳಿಯಂದ್ರೇ, ಇವಳ ಕಣ್ಣಿಗೆ ಏನಾದ್ರೂ ಕೆಲಸ ಕೊಡ್ಬೇಕು" ಎಂದರು ಅತ್ತೆ ಒಂದು ದಿನ. "ನಮ್ಮ ವಾರ್ಡಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ನೋವು ತಿನ್ನೋರು ಅದನ್ನೇ ನೋಡ್ತಾ ಮಲಗಿರೋರು."

ಮಂಚದ ಮೇಲಿನಿಂದ ಅವಳ ದನಿ ಬಂತು. "ಮೊಟ್ಟೆ ಇಡೋ ಮೀನು ಬೇಡ. ಇಟ್ಟು, ಬಾಲ ಆಡಿಸ್ಕೊಂಡು ಹೋಗೋದು ಸುಲಭ. ಹೊಟ್ಟೇಲಿ ಹೊತ್ತು ತಿರುಗೋ ಮೀನು ಇದ್ರೆ ತಗೊಂಡ್ಬನ್ನಿ."

ವಾರಗಟ್ಟಲೆ ಏನನ್ನೂ ಕೇಳದವಳು ಬಾಯಿಬಿಟ್ಟು ಕೇಳಿದ್ದಳು. ಪಕ್ಕದ ಮನೆಯ ಅಜ್ಜಿಯನ್ನು ಅವಳ ಹತ್ತಿರ ಕೂರಿಸಿ ನಾನೂ ಅತ್ತೆಯೂ ಹೊರಟೆವು.

ಮೀನಿನ ಅಂಗಡಿಯವನನ್ನು ಬೀದಿಯವರೆಲ್ಲ ಮೀನಪ್ಪ ಎನ್ನುತ್ತಿದ್ದರು. ಯಾವಾಗ ನೋಡಿದರೂ ಮೊಣಕೈವರೆಗೆ ಒದ್ದೆ, ಹೆಗಲ ಮೇಲೊಂದು ಬಲೆ. ಮರಿ ಹಾಕುವ ಮೀನು ಬೇಕೆಂದಾಗ ಗಪ್ಪಿಗಳ ತೊಟ್ಟಿ ತೋರಿಸಿದ. ಅತ್ತೆ ಕನ್ನಡಕ ಏರಿಸಿದರು. ವಾರ್ಡಿಗೆ ಹೊಸ ಬಸುರಿ ಬಂದಾಗ ಹೀಗೇ ಏರಿಸುತ್ತಿದ್ದರಂತೆ.

"ಇದು ಮರಿ ತಿನ್ನುತ್ತಾ?"

"ತಿನ್ನುತ್ತೆ ಅಮ್ಮಾ. ಹಸಿವಾದ್ರೆ ತಿನ್ನುತ್ತೆ, ಹಸಿವಿಲ್ದಿದ್ರೂ ತಿನ್ನುತ್ತೆ."

"ಇದು?" ಪಕ್ಕದ ತೊಟ್ಟಿಯ ಕರಿ ಮೋಲಿ ಮೀನಿನ ಕಡೆ ಬೆರಳು.

"ಅದೂ ತಿನ್ನುತ್ತೆ. ಇದೂ. ಕತ್ತಿ ಬಾಲದ್ದೂ."

"ಹೆತ್ತ ಹೊಟ್ಟೆಗೇ ವಾಪಸ್ ಹೋಗೋ ಮಕ್ಕಳನ್ನ ನನ್ನ ಮಗಳು ನೋಡೋದು ಬೇಡಪ್ಪ. ಬೇರೆ ಇಲ್ವಾ?"

ಮೀನಪ್ಪ ಈಗ ನಮ್ಮನ್ನು ಸರಿಯಾಗಿ ನೋಡಿದ. ಗಪ್ಪಿ ಬೇಡವೆನ್ನುವ ಗಿರಾಕಿ ಅವನಿಗೆ ಅಪರೂಪವಿರಬೇಕು. ಪರದೆ ಸರಿಸಿ ಹಿಂದಿನ ಕೋಣೆಗೆ ಕರೆದೊಯ್ದ. ಅಲ್ಲಿ ಗೋಡೆಯುದ್ದಕ್ಕೂ ಮಬ್ಬು ದೀಪದ ತೊಟ್ಟಿಗಳು. ಯಾರೂ ಕೇಳದ, ಅವನು ತನ್ನ ಹುಚ್ಚಿಗೆ ಸಾಕಿಕೊಂಡ ಮೀನುಗಳು.

ಮೊದಲನೆಯದು ಉದ್ದ ಮೂತಿ, ಬಾಯಿ ತುಂಬ ಹಲ್ಲು. ಅದೊಂದೇ ಒಂದು ತೊಟ್ಟಿಯಲ್ಲಿ ನಿಂತಿತ್ತು. "ಇದೂ ಮರಿನೇ ಹಾಕೋದು. ಹೆಣ್ಣು ದೊಡ್ಡದು. ಗಂಡು ಪಕ್ಕದಲ್ಲಿ ಸ್ವಲ್ಪ ಉದಾಸೀನವಾಗಿ ನಿಂತಿದ್ರೆ ನುಂಗ್ಬಿಡುತ್ತೆ."

ಅತ್ತೆ ನನ್ನ ಕಡೆ ತಿರುಗಿದರು. "ಇದು ಬೇಡ ಅಲ್ವಾ ಅಳಿಯಂದ್ರೇ?"

"ನಿಮ್ಮ ಮಗಳು ನೋಡಿ ಕಲಿಯೋದು ಬೇಡ" ಎಂದೆ. ಮನೆಯಿಂದ ಹೊರಟ ಮೇಲೆ ಇಬ್ಬರೂ ನಕ್ಕಿದ್ದು ಅದೊಂದೇ ಸಲ.

ಎರಡನೆಯ ತೊಟ್ಟಿಯಲ್ಲಿ ಕಡ್ಡಿಯಂಥ ಬೆಳ್ಳಿ ಮೀನುಗಳು ನೀರಿನ ಮೇಲ್ಪದರಕ್ಕೆ ಅಂಟಿಕೊಂಡಂತೆ ನಿಂತಿದ್ದವು. ಕೆಳದವಡೆ ಮಾತ್ರ ಮುಂದಕ್ಕೆ ಸೂಜಿಯಾಗಿ ಚಾಚಿತ್ತು. ನೋಡಲು ಬಲು ಚೆಂದ. ಅತ್ತೆ ಬಗ್ಗಿ ಒಂದರ ಹೊಟ್ಟೆಯನ್ನೇ ನೋಡುತ್ತಾ "ಇದು ತುಂಬಿದ್ದಲ್ವಾ?" ಎಂದು ಕೇಳಿದರು.

"ತುಂಬಿದ್ದೇ. ಆದ್ರೆ ಇದನ್ನ ನಾನು ಮಾರಲ್ಲ ಅಮ್ಮಾ. ಬಲು ಪುಕ್ಕಲು. ಸಾಗಿಸುವಾಗ ಗಾಬರಿಯಾದ್ರೆ ದಿನ ತುಂಬೋ ಮೊದಲೇ ಮರಿ ಉದುರಿಸಿಬಿಡುತ್ತೆ. ಎಲ್ಲಾ ಸತ್ತೇ ಬೀಳುತ್ತೆ."

ಅತ್ತೆ ನನ್ನ ಮುಂಗೈ ಹಿಡಿದು ಅಲ್ಲಿಂದ ಎಳೆದರು. ಆ ಹಿಡಿತ ಇವತ್ತಿಗೂ ನೆನಪಿದೆ. ಎಷ್ಟೋ ಹೆರಿಗೆ ನೋಡಿದ ಹೆಂಗಸು, ಬೆರಳು ತಣ್ಣಗೆ ಕೊರೆಯುತ್ತಿದ್ದವು.

ಕೊನೆಯ ತೊಟ್ಟಿಯಲ್ಲಿ ಗಿಡ ದಟ್ಟವಾಗಿತ್ತು. ಗಂಡಿನ ಬಾಲಕ್ಕೆ ಕರಿ ಪಟ್ಟೆ, ಅದರ ಅಂಚಿಗೆ ಹಳದಿ. ಹೆಣ್ಣು ಮಾಸಲು ಬಣ್ಣದ್ದು, ಪಕ್ಕೆಯಲ್ಲಿ ಕರಿ ಮಚ್ಚೆಗಳು. ಅಂಗಡಿಯ ಮುಂದಿನ ತೊಟ್ಟಿಯಲ್ಲಿಟ್ಟರೆ ಯಾರೂ ತಿರುಗಿ ನೋಡುವ ಮೀನಲ್ಲ. ಗುಡೀಡ್ ಎನ್ನುತ್ತಾರೆ ಎಂದ ಮೀನಪ್ಪ. "ಹೊಟ್ಟೆ ತುಂಬ ಸೊಪ್ಪು, ಪಾಚಿ ಕೊಟ್ರೆ ಮರಿ ತಂಟೆಗೆ ಹೋಗಲ್ಲ. ಇನ್ನೊಂದು ವಿಶೇಷ ಇದೆ. ಗಪ್ಪಿ ಮರಿ ಮೊಟ್ಟೆಯ ಬುತ್ತಿ ತಿಂದ್ಕೊಂಡೇ ಬೆಳೆಯುತ್ತೆ. ಇದರ ಮರಿಗೆ ತಾಯಿಯೇ ಒಳಗೆ ಉಣಿಸುತ್ತೆ. ಹುಟ್ಟಿದಾಗ ಮರಿಯ ಹೊಟ್ಟೆ ಕೆಳಗೆ ದಾರ ದಾರ ನೇತಾಡ್ತಿರುತ್ತೆ. ಒಂದೆರಡು ದಿನದಲ್ಲಿ ಉದುರಿಹೋಗುತ್ತೆ."

"ಹೊಕ್ಕುಳಬಳ್ಳಿನಾ?" ಅತ್ತೆಯ ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಅಂಥದ್ದೇ ಅಂದ್ಕೊಳ್ಳಿ."

ಅಲ್ಲಿಗೆ ತೀರ್ಮಾನವಾಯಿತು. ಒಂದು ಗಂಡು, ಎರಡು ಹೆಣ್ಣು. ಅದರಲ್ಲಿ ಒಂದರ ಹೊಟ್ಟೆ ಆಗಲೇ ಉಬ್ಬಿತ್ತು, ಅದು ಬೇಕೇ ಬೇಕೆಂದು ಅತ್ತೆ ಹಟ ಹಿಡಿದರು. ಮೀನಪ್ಪ ಚೀಲಕ್ಕೆ ಗಾಳಿ ತುಂಬುತ್ತಾ ಸ್ಪಷ್ಟವಾಗಿ ಹೇಳಿದ. "ಇವು ಬೆಟ್ಟದ ತೊರೆಯ ಮೀನು. ತಣ್ಣೀರಲ್ಲೇ ಇರ್ಬೇಕು. ಚಳಿಗಾಲ ಅಂತ ಹೀಟರ್ ಗೀಟರ್ ಹಾಕ್ಬೇಡಿ. ಬಿಸಿ ತಡೆಯಲ್ಲ." ಅತ್ತೆ "ಹೂಂ" ಎಂದರು. ಹೊಸದಾಗಿ ಬಂದ ಡಾಕ್ಟರುಗಳಿಗೆ ವಾರ್ಡಿನಲ್ಲಿ ಅವರು ಎಂಥ ಹೂಂ ಹೇಳುತ್ತಿದ್ದಿರಬೇಕೆಂದು ನನಗೆ ಆಮೇಲೆ ಅರ್ಥವಾಯಿತು.

ಮಂಚದ ಕಾಲ ಕಡೆ, ನನ್ನ ಸಾಮಾನಿನ ಪೆಟ್ಟಿಗೆಯ ಮೇಲೆ ತೊಟ್ಟಿ ಇಟ್ಟೆವು. ಮನೆ ಬದಲಾಗಿಬಿಟ್ಟಿತು. ಅವಳು ದಿಂಬಿಗೆ ಒರಗಿ ಮಾತಾಡತೊಡಗಿದಳು. ಗಂಡಿಗೆ ದಿನವಿಡೀ ರೆಕ್ಕೆ ಬಿಚ್ಚಿ ಮೆರೆಯುವುದೇ ಕೆಲಸವಂತೆ, ಥೇಟ್ ನನ್ನ ಹಾಗೆ. ಬಸುರಿ ಮೀನು ಬೆಳಿಗ್ಗೆ ಹೊತ್ತು ಗಿಡದ ಹಿಂದೆ ನಿಲ್ಲುತ್ತದಂತೆ, ಮಧ್ಯಾಹ್ನವಾದ ಮೇಲೆ ಗಾಜಿನ ಹತ್ತಿರ ಬಂದು ಇವಳನ್ನು ನೋಡುತ್ತದಂತೆ. ಯಾವ ದಿನ ನೀರು ಬದಲಾಯಿಸಬೇಕು, ಎಷ್ಟು ಸೊಪ್ಪು ಹಾಕಬೇಕು ಎಲ್ಲ ಅವಳ ಬಾಯಲ್ಲೇ. ನಾನು ಕೆಲಸದಿಂದ ಬೇಗ ಬೇಗ ಬರತೊಡಗಿದೆ. ಸಂತೋಷವಾಗಿದ್ದೆ, ಮುಚ್ಚುಮರೆಯೇಕೆ.

ಅದಕ್ಕೆ ಕಲ್ಲು ಬಿದ್ದದ್ದು ಒಂದು ಸಂಜೆ ಊಟದ ಹೊತ್ತಿನಲ್ಲಿ. ತಟ್ಟೆ ಎದೆಯ ಮೇಲಿಟ್ಟುಕೊಂಡು ತೊಟ್ಟಿಯನ್ನೇ ನೋಡುತ್ತಿದ್ದವಳು, "ರೀ, ಅದು ಉಳಿಸ್ಕೊಂಡ್ರೆ ನಾನೂ ಉಳಿಸ್ಕೋತೀನಿ" ಎಂದಳು.

"ಹುಚ್ಚುಚ್ಚಾಗಿ ಮಾತಾಡ್ಬೇಡ ಕಣೇ. ಮೀನಿಗೂ ನಿಂಗೂ ಏನು ಸಂಬಂಧ?"

"ಸಂಬಂಧ ಇದೆ" ಎಂದು ತುತ್ತು ಬಾಯಿಗಿಟ್ಟಳು. ತಮಾಷೆಯಾಗಿದ್ದರೆ ಮುಖದಲ್ಲಿ ಗೊತ್ತಾಗುತ್ತಿತ್ತು.

ಅಡುಗೆಮನೆಯಲ್ಲಿ ನಾನು ಅತ್ತೆಯ ಮೇಲೆ ಹಾರಾಡಿದೆ, ಅದೂ ಪಿಸುದನಿಯಲ್ಲಿ. "ಯಾರಿಗೆ ಬೇಕಿತ್ತು ಈ ಮೀನಿನ ಉಸಾಬರಿ? ತನಗೂ ಅದಕ್ಕೂ ಗಂಟು ಹಾಕ್ಕೊಂಡು ಕೂತಿದ್ದಾಳೆ. ನಾಳೆ ಅದು ಸತ್ರೆ ಇವಳ ಗತಿ?"

"ಏನಾಗಲ್ಲ" ಎಂದರು ಅತ್ತೆ. ಉರಿಯುವ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ತಟ್ಟೆ ತೊಳೆಯುತ್ತಿದ್ದ ಅವರ ಕೈ ಮಾತ್ರ ಒಂದೇ ತಟ್ಟೆಯನ್ನು ತೊಳೆಯುತ್ತಲೇ ಇತ್ತು. ಅವರಿಗೂ ಭಯವಾಗಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿದ್ದರಿಂದ ನನ್ನ ಭಯ ಇಮ್ಮಡಿಯಾಯಿತು.

ಅಷ್ಟರಲ್ಲಿ ಚಳಿ ಹಿಡಿಯಿತು. ಇಲ್ಲಿ ಅತ್ತೆಯ ಕಸುಬಿನ ಒಂದು ವಿಷಯ ಹೇಳಬೇಕು. ಹೆರಿಗೆ ವಾರ್ಡಿನಲ್ಲಿ ಮೊದಲು ಬಿಸಿ, ಬೇರೆಲ್ಲ ಆಮೇಲೆ. ಕೋಣೆ ಬೆಚ್ಚಗಿರಬೇಕು, ಬಟ್ಟೆ ಬೆಚ್ಚಗಿರಬೇಕು, ತಣ್ಣಗಾದ ಕೂಸು ಕೈತಪ್ಪಿದ ಕೂಸು. ಈ ಪಾಠವನ್ನು ಅವರು ಜೀವಮಾನವಿಡೀ ಹುಡುಗಿಯರಿಗೆ ಬೈದು ಕಲಿಸಿದ್ದರು. ಕೂಸಿನ ನೀರನ್ನು ಮೊಣಕೈಯಿಂದಲೇ ನೋಡುವುದು ಅವರ ಪದ್ಧತಿ. ಒಂದು ಬೆಳಿಗ್ಗೆ ಅದೇ ಮೊಣಕೈಯನ್ನು ಮೀನಿನ ತೊಟ್ಟಿಗೆ ಅದ್ದಿದರು. ನೀರು ಹಿಮದಂತಿತ್ತು. ದಿನ ತುಂಬಿದ ಬಸುರಿ ತಣ್ಣೀರಲ್ಲಿ! ಮೀನಪ್ಪ ಗಂಡಸು, ಅವನಿಗೇನು ಗೊತ್ತು ಬಸುರಿ ಬಾಣಂತಿಯ ವಿಷಯ. ಸೊಪ್ಪು ತರುವ ನೆಪದಲ್ಲಿ ಹೋಗಿ, ಬೇರೆ ಅಂಗಡಿಯಿಂದ ಹೀಟರ್ ಕೊಂಡು ತಂದು, ಮಗಳು ನಿದ್ದೆಯಲ್ಲಿದ್ದಾಗ ಗಿಡಗಳ ಹಿಂದೆ ಇಳಿಬಿಟ್ಟು, ವೈರನ್ನು ಪರದೆಯ ಮರೆಯಲ್ಲಿ ಎಳೆದುಬಿಟ್ಟರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮೊದಲು ಗಮನಿಸಿದವಳು ಅವಳೇ. "ಅಮ್ಮ, ಅದು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ."

"ಏನಾಗಲ್ಲ. ದಿನ ಹತ್ರ ಬಂದಾಗ ಎಲ್ರೂ ಹಾಗೇ ಏದುಸಿರು ಬಿಡ್ತಾರೆ."

ಮರುದಿನ ಗಂಡೂ ಮೇಲೆ ಬಂದು ಏದುಸಿರು ಬಿಡುತ್ತಿತ್ತು. ಅದಕ್ಕಂತೂ ದಿನ ಹತ್ತಿರ ಬಂದಿರಲಿಲ್ಲ. ನನ್ನ ಹೆಂಡತಿ ಊಟ ಬಿಟ್ಟಳು. ಮಾತೂ ನಿಂತಿತು. ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟು ತೊಟ್ಟಿಯನ್ನು ನೋಡುವುದೊಂದೇ. ಒಮ್ಮೆ ನನ್ನ ಅಂಗಿ ಹಿಡಿದೆಳೆದು, "ಹೊಟ್ಟೆ ಕಲ್ಲಾಗ್ತಿದೆ" ಎಂದಳು. ಅತ್ತೆ ಓಡಿ ಬಂದು ಅಂಗೈ ಇಟ್ಟು ಕಾದರು. ನಾನು ಆ ಅಂಗೈಯನ್ನೇ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿಗೆ ಸಡಿಲವಾಯಿತು. ಡಾಕ್ಟರಿಗೆ ಫೋನ್ ಮಾಡಿದರೆ, ಇನ್ನೊಮ್ಮೆ ಹಾಗಾದರೆ ತಡಮಾಡದೆ ಕರೆತನ್ನಿ, ಸದ್ಯಕ್ಕೆ ಅವರನ್ನು ನೆಮ್ಮದಿಯಾಗಿಡಿ ಎಂದರು. ನೆಮ್ಮದಿಯಂತೆ! ಯಾವ ಅಂಗಡಿಯಲ್ಲಿ ಸಿಗುತ್ತದೋ ಕೇಳಬೇಕೆನಿಸಿತು.

ನನಗೆ ರಜೆಯಿದ್ದ ಆ ಮಧ್ಯಾಹ್ನ ಮೀನಿಗೆ ಸೊಪ್ಪು ಹಾಕಲು ಬಗ್ಗಿದೆ. ಕೈ ಊರಲು ಗಾಜು ಹಿಡಿದೆ. ಲಿಫ್ಟಿನ ಮೋಟಾರಿನ ಮೇಲೆ ಅಂಗೈಯಿಟ್ಟು ಅದರ ಆರೋಗ್ಯ ಹೇಳುವುದು ನನ್ನ ಅನ್ನ. ಗಾಜು ಬೆಚ್ಚಗಿತ್ತು. ಗಿಡ ಸರಿಸಿ ನೋಡಿದೆ, ಕೆಂಪು ದೀಪ ಮಿಣುಕುತ್ತಿತ್ತು. ಏನೂ ಆಗಿಲ್ಲವೆಂಬಂತೆ ಎದ್ದು, ಪರದೆ ಸರಿಪಡಿಸುವ ಹಾಗೆ ಮಾಡಿ ಪ್ಲಗ್ ಕಿತ್ತು, ಅತ್ತೆಗೆ ಕಣ್ಣಲ್ಲೇ ಸನ್ನೆ ಮಾಡಿ ಅಡುಗೆಮನೆಗೆ ಹೋದೆ.

"ಹೀಟರ್ ಯಾರು ಹಾಕಿದ್ದು?"

"ನಾನೇ. ನೀರು ಎಷ್ಟು ತಣ್ಣಗಿತ್ತು ಗೊತ್ತಾ?"

"ಬೇಡ ಅಂತ ಅವನು ಬಡ್ಕೊಂಡ! ಬಿಸಿ ತಡೆಯಲ್ಲ ಅಂದ! ನೀವು ಅದನ್ನ ಬೇಯಿಸ್ತಿದ್ದೀರಿ ಅತ್ತೆ!"

ಅವರ ಮುಖ ಬಿಳಿಚಿಕೊಂಡಿತು. ನಾನು ಐಸ್ ತೆಗೆಯಲು ಫ್ರಿಜ್ಜಿಗೆ ಕೈಹಾಕಿ, ಇನ್ನೊಂದು ಕೈಯಲ್ಲಿ ಮೀನಪ್ಪನಿಗೆ ಫೋನ್ ಮಾಡಿದೆ. ಅವನು ಕಿರುಚಿದ. "ಐಸ್ ಹಾಕ್ಬೇಡಿ! ಒಂದೇ ಸಲ ತಣ್ಣಗಾದ್ರೆ ಇನ್ನೂ ಕೆಟ್ಟದ್ದು. ಗಾಳಿ ಪಂಪ್ ಜೋರು ಮಾಡಿ. ಒಂದೊಂದು ಲೋಟ ತೆಗೀರಿ, ಒಂದೊಂದು ಲೋಟ ತಣ್ಣೀರು ಹಾಕಿ. ನಿಧಾನ. ಅವಸರ ಮಾಡಿದ್ರೆ ಕೈಬಿಟ್ಟ ಹಾಗೇ."

ಇನ್ನೂ ಏನೇನೋ ಬೈಯುತ್ತಿದ್ದ, ಫೋನ್ ಇಟ್ಟೆ. ನಾನು ಲೋಟ ಬಕೆಟ್ಟು ಹಿಡಿದು ಮಂಚದ ಕಾಲ ಕಡೆ ನಿಂತೆ. ಒಂದು ಲೋಟ ತೆಗೆದೆ, ಒಂದು ಲೋಟ ಹಾಕಿದೆ.

"ಏನ್ರೀ ಮಾಡ್ತಿದ್ದೀರಿ?"

"ನೀರು ಬದಲಾಯಿಸ್ತಿದ್ದೀನಿ."

"ಇವತ್ತು ಬದಲಾಯಿಸೋ ದಿನ ಅಲ್ಲ."

ನಾನು ಇನ್ನೊಂದು ಲೋಟ ತೆಗೆದೆ. ಅವಳ ಕಣ್ಣು ನನ್ನ ಬೆನ್ನಿನ ಮೇಲೇ ಇತ್ತು. ಅತ್ತೆ ಬಾಗಿಲ ಹತ್ತಿರ ಸೆರಗು ಹಿಂಡುತ್ತಾ ನಿಂತಿದ್ದರು. ಗಂಡು ಮೀನು ಮೆಲ್ಲಗೆ ಕೆಳಕ್ಕಿಳಿಯಿತು, ಇನ್ನೊಂದು ಹೆಣ್ಣೂ ಇಳಿಯಿತು. ಬಸುರಿ ಮಾತ್ರ ಮೇಲೆಯೇ ಇತ್ತು, ಓರೆಯಾಗಿ, ಕಿವಿರು ಪಟಪಟ ಬಡಿಯುತ್ತಾ. ನಾನು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದೆ, ತಾಯಿ, ಇಳಿಯಮ್ಮ, ಒಂದು ಗೇಣು ಇಳಿ ಸಾಕು ಎಂದು. ಅದು ನಿಜವಾಗಿಯೂ ಒಂದು ಗೇಣು ಇಳಿಯಿತು. ಇಳಿದು, ಮೈ ಬಿಲ್ಲಿನಂತೆ ಬಾಗಿಸಿತು. ಹೊಟ್ಟೆಯ ಕೆಳಗಿಂದ ಉಗುರಿನಷ್ಟು ದೊಡ್ಡದೊಂದು ಮರಿ ಹೊರಬಿತ್ತು.

"ಬಂತು!" ಎಂದು ಅವಳು ಅರ್ಧ ಎದ್ದೇಬಿಟ್ಟಳು.

"ಮಲ್ಕೋ!" ಎಂದು ನಾನೂ ಅತ್ತೆಯೂ ಒಟ್ಟಿಗೆ ಕೂಗಿದೆವು.

ಮರಿ ತಳಕ್ಕೆ ಮುಳುಗಿ, ಅಲ್ಲಿ ಕ್ಷಣ ಹೊತ್ತು ಬಿದ್ದಿದ್ದು, ಆಮೇಲೆ ಬಾಲ ಬಡಿದು ಮೇಲೆದ್ದಿತು. ಹೊಟ್ಟೆಯ ಕೆಳಗೆ ಬಿಳಿ ದಾರಗಳು ತೇಲುತ್ತಿದ್ದವು. ಇನ್ನೊಂದು ಬಂತು. ಮತ್ತೊಂದು. ಕೆಲವು ಗಿಡದೊಳಗೆ ನುಗ್ಗಿದವು, ಎರಡು ಮೂರು ತಳದಲ್ಲೇ ಬಿದ್ದಿದ್ದವು, ಏಳಲಿಲ್ಲ. ಅವಳ ಮುಖ ಅರಳಿತ್ತು, ಕಣ್ಣು ತುಂಬಿತ್ತು. ನಾನು ಲೋಟ ಹಿಡಿದುಕೊಂಡು ತಾಯಿಯನ್ನು ನೋಡುತ್ತಿದ್ದೆ. ಅದು ಪೂರ್ತಿ ಪಕ್ಕಕ್ಕೆ ವಾಲಿತು. ಕಿವಿರು ಒಮ್ಮೆ ತೆರೆದು ಮುಚ್ಚಿತು, ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ, ಆಮೇಲೆ ಇಲ್ಲ. ಪಂಪಿನ ಗುಳ್ಳೆಗಳು ಅದನ್ನು ಮೆಲ್ಲಗೆ ಮೂಲೆಗೆ ತಳ್ಳಿದವು.



"ಅಮ್ಮ" ಎಂದಳು ನನ್ನ ಹೆಂಡತಿ. "ಅದಕ್ಕೇನಾಯ್ತು?"

ನಾನು ಅತ್ತೆಯ ಕಡೆ ತಿರುಗಿದೆ. ಅವರ ತುಟಿ ಆ ಹಳೆಯ ಮಾತಿಗೆ ಸಜ್ಜಾಗುತ್ತಿರುವುದು ನನಗೆ ಕಂಡಿತು. ಹೇಳಿಬಿಡಲಿ ಎಂದೇ ನಾನೂ ಆಸೆಪಟ್ಟೆ. ಹೆತ್ತು ಸುಸ್ತಾಗಿದೆ, ಮಲಗಿದೆ, ಏನಾಗಲ್ಲ. ಸುಳ್ಳೋ ಪೊಳ್ಳೋ, ಹೊಟ್ಟೆ ಮತ್ತೆ ಕಲ್ಲಾಗದಿದ್ದರೆ ಸಾಕಾಗಿತ್ತು ನನಗೆ.

ಅತ್ತೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತರು. ಮಂಡಿ ನೋವಿನವರು, ನೆಲದ ಮೇಲೆ ಕೂತಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಸತ್ತುಹೋಯ್ತು ಮಗಳೇ. ನಾನೇ ಸಾಯಿಸಿದೆ."

"ಅತ್ತೆ" ಎಂದೆ ನಾನು. ಅವರು ಕೈಯೆತ್ತಿ ನನ್ನ ಬಾಯಿ ಮುಚ್ಚಿಸಿದರು.

"ನೀರು ಬಿಸಿ ಮಾಡ್ಬೇಡಿ ಅಂತ ಅಂಗಡಿಯವನು ಹೇಳಿದ್ದ. ನಂಗೆ ಗೊತ್ತು ಅಂದ್ಕೊಂಡು, ನಿಮ್ಮಿಬ್ರಿಗೂ ಹೇಳದೆ ಹೀಟರ್ ಹಾಕಿದೆ. ಅದು ಉಸಿರಿಗೆ ಒದ್ದಾಡ್ತಿದ್ದಾಗ ನೀನು ಕೇಳ್ದೆ. ಆಗ್ಲೂ ಏನಾಗಲ್ಲ ಅಂದೆ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇನೇ ಅಂದೆ."

ಅವಳು ತಾಯಿಯನ್ನೇ ನೋಡುತ್ತಿದ್ದಳು. ಅಂಗೈ ಹೊಟ್ಟೆಯ ಮೇಲೆ ಚಪ್ಪಟೆಯಾಗಿತ್ತು. ನಾನು ಆಸ್ಪತ್ರೆಗೆ ಹೊರಡಲು ಚಪ್ಪಲಿ ಎಲ್ಲಿದೆಯೆಂದು ನೋಡಿಯೂಬಿಟ್ಟೆ.

"ಅಮ್ಮ, ಮೊದಲ್ನೇ ಸಲ ನಾನು ಬಸ್ಸಿಗೆ ಓಡಿದ್ದೆ" ಎಂದಳು.

ನಮಗಿಬ್ಬರಿಗೂ ತಕ್ಷಣ ತಿಳಿಯಲಿಲ್ಲ.

"ಬಸ್ ಹೊರಟುಬಿಟ್ಟಿತ್ತು. ಓಡಿ ಹತ್ತಿದೆ. ಯಾರಿಗೂ ಹೇಳ್ಲಿಲ್ಲ. ಎರಡ್ನೇ ಸಲ ಬೀರು ಸರಿಸಿದ್ದೆ, ಹಿಂದೆ ಬಾಚಣಿಗೆ ಬಿದ್ದಿತ್ತು ಅಂತ. ಅದಾದ ಮೂರನೇ ದಿನಕ್ಕೇ ನೋವು ಬಂತು." ದನಿ ಸಮವಾಗಿಯೇ ಇತ್ತು, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ. "ನನ್ನಿಂದಾನೇ ಆಯ್ತು ಅಲ್ವಾ?"

ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವನು ನಾನು. ಬಸ್ಸೂ ಗೊತ್ತಿಲ್ಲ, ಬೀರೂ ಗೊತ್ತಿಲ್ಲ.

"ಅಲ್ಲ" ಎಂದರು ಅತ್ತೆ.

"ಸಮಾಧಾನಕ್ಕೆ ಹೇಳ್ತಿದ್ದೀಯ."

"ಸಮಾಧಾನಕ್ಕೆ ಹೇಳೋಳಾಗಿದ್ರೆ, ಮೀನು ತಾನಾಗೇ ಸತ್ತುಹೋಯ್ತು ಅಂತಿದ್ದೆ."

ಅವಳು ಅದನ್ನು ಕೇಳಿಸಿಕೊಂಡಳು. ಅತ್ತೆ ಮುಂದುವರಿಸಿದರು, ಒಂದೊಂದೇ ಮಾತು, ವಾರ್ಡಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಪಾಳಿ ಒಪ್ಪಿಸುವ ಹಾಗೆ. "ಮೊದಲ್ನೇದು ಯಾಕೆ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ. ಬಸ್ಸಿಗೆ ಓಡಿದ್ರೆ ಹೋಗಲ್ಲ. ಓಡಿದೋರೆಲ್ಲ ನನ್ನ ಕೈಯಲ್ಲೇ ಹೆತ್ತಿದ್ದಾರೆ. ಎರಡ್ನೇದು, ನಿನ್ನ ಗರ್ಭಕೋಶದ ಬಾಯಿ ಬಿಗಿ ಇರ್ಲಿಲ್ಲ. ಬೀರು ಸರಿಸದಿದ್ರೂ ತೆರ್ಕೋತಿತ್ತು. ಡಾಕ್ಟರು ಆವತ್ತೇ ನಂಗೆ ಹೇಳಿದ್ರು. ನಿಂಗೆ ಹೇಳಿದ್ರೆ ಹೆದರ್ತೀಯ ಅಂತ ನಾನು ಹೇಳ್ಲಿಲ್ಲ. ಅದಕ್ಕೇ ಈ ಸಲ ಹೊಲಿಗೆ. ಬರೀ ಮುನ್ನೆಚ್ಚರಿಕೆಗೆ ಅಂತ ನಿಂಗೆ ಹೇಳಿದ್ದೂ ನಾನೇ."

"ಈ ಸಲ?"

"ಈ ಸಲ ಇಲ್ಲೀವರೆಗೂ ಚೆನ್ನಾಗಿದೆ. ಮುಂದಿಂದು ನಂಗೆ ಗೊತ್ತಿಲ್ಲ. ನಂಗೂ ಭಯ ಇದೆ."

ಆಗ ಅವಳು ಅತ್ತಳು. ಬಚ್ಚಲಿನಲ್ಲಿ ಬಟ್ಟೆ ಒಗೆದ ದಿನದಿಂದ ತಡೆದಿಟ್ಟದ್ದೆಲ್ಲ ಒಂದೇ ಸಲ ಬಂತು. ಬೀದಿಗೆ ಕೇಳುವಂತೆ, ಬಾಯಿ ತೆರೆದು. ನಾನು ಹೆದರಿ, "ಸಾಕು ಮಾಡಿಸಿ ಅತ್ತೆ, ಹೊಟ್ಟೆ ಗಟ್ಟಿಯಾಗುತ್ತೆ" ಎಂದೆ. "ಅಳ್ಲಿ ಬಿಡಿ" ಎಂದರು ಅವರು, ತಾವೂ ಮೂಗು ಒರೆಸಿಕೊಳ್ಳುತ್ತಾ. ಅಂಗೈ ಮಾತ್ರ ಮಗಳ ಹೊಟ್ಟೆಯ ಮೇಲೆಯೇ ಇತ್ತು. ಹೊಟ್ಟೆ ಮೆತ್ತಗಿತ್ತು. ನಾನು ಬಲೆ ಹಿಡಿದು ಸತ್ತ ಮೀನನ್ನು ತೆಗೆಯಲು ಹೋದಾಗ, "ಮುಚ್ಚಿಟ್ಕೊಂಡು ಹೋಗ್ಬೇಡಿ, ತೋರಿಸಿ" ಎಂದಳು. ತೋರಿಸಿದೆ. ನೋಡಿ, ತಲೆಯಾಡಿಸಿದಳು.

ಅದಾದ ಮೇಲೂ ನೆಟ್ಟಗೆ ಹೋಯಿತೆಂದು ಹೇಳಲಾರೆ. ಇನ್ನೊಮ್ಮೆ ಹೊಟ್ಟೆ ಕಲ್ಲಾಗಿ ಆಸ್ಪತ್ರೆಗೆ ಓಡಿದೆವು, ಬರಿಗೈಯಲ್ಲಿ ಬರುತ್ತೇವೆಂದೇ ನಾನು ನಂಬಿದ್ದೆ. ಅಂಥ ಹೊತ್ತಿನಲ್ಲೆಲ್ಲ ಅವಳು ತಾಯಿಯನ್ನು ಕೇಳುತ್ತಿದ್ದಳು. ಅತ್ತೆ ತಿಳಿದಷ್ಟು ಹೇಳುತ್ತಿದ್ದರು, ತಿಳಿಯದ್ದನ್ನು ತಿಳಿಯದೆನ್ನುತ್ತಿದ್ದರು. ಅಷ್ಟು ವರ್ಷದ ಅಭ್ಯಾಸ ಬಿಡುವುದು ಅವರಿಗೂ ಒಂದು ಹೆರಿಗೆಯೇ ಆಗಿದ್ದಿರಬೇಕು.

ಹೊಲಿಗೆ ಬಿಚ್ಚಿದ ಮೇಲೆ, ಹಾಡಹಗಲಲ್ಲಿ, ಹೆಣ್ಣುಮಗು ಹುಟ್ಟಿತು. ನನ್ನನ್ನೂ ಅತ್ತೆಯನ್ನೂ ಒಳಗೆ ಬಿಟ್ಟಾಗ ಡಾಕ್ಟರು ನಗುತ್ತಾ "ಎಲ್ಲ ಚೆನ್ನಾಗಿದೆ" ಎಂದರು. ನಾನೂ ಹಲ್ಲು ಕಿರಿದು "ಎಲ್ಲ ಚೆನ್ನಾಗಿದೆ ಕಣೇ" ಎಂದೆ. ಅವಳು ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆ ಹೊರಳಿಸಿ, "ಅಮ್ಮ, ನೀನು ಹೇಳು" ಎಂದಳು.

ಅತ್ತೆ ಬಟ್ಟೆ ಬಿಚ್ಚಿ ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆರಳು ಬಿಡಿಸಿದರು, ಎದೆಗೆ ಕಿವಿಯಿಟ್ಟರು, ಬಾಯೊಳಗೆ ಕಿರುಬೆರಳಿಟ್ಟು ನೋಡಿದರು. "ತೂಕ ಕಮ್ಮಿ. ಉಸಿರು ಚೆನ್ನಾಗಿದೆ. ಚೀಪೋಕೆ ಶಕ್ತಿ ಸಾಲ್ದು, ಕಲಿಸ್ಬೇಕು. ಎಡಗಿವಿ ಮಡಚ್ಕೊಂಡಿದೆ, ಸರಿಹೋಗುತ್ತೋ ಇಲ್ವೋ ನೋಡೋಣ."

"ಸರಿ" ಎಂದಳು ನನ್ನ ಹೆಂಡತಿ, ಮತ್ತು ನಿದ್ದೆ ಹೋದಳು.